ಮಣಿಪಾಲವೂ ದೂರ, ಶಿವಮೊಗ್ಗವೂ ದೂರ: ಯುವಕ ಸಂಘಗಳಿಗೊಂದು ಬಹಿರಂಗ ಪತ್ರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯುವಕ ಸಂಘ, ಯುವತಿ ಮಂಡಳಿ, ಕ್ರೀಡಾ ಬಳಗ ಮತ್ತು ಗಣಪತಿ ಸಮಿತಿಗಳ ಗೆಳೆಯ ಗೆಳತಿಯರಿಗೆ,



ಶೃಂಗೇರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇಳಿದರೆ ನಿಮ್ಮಲ್ಲಿ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಮಣಿಪಾಲಕ್ಕೆ. ಎನ್.ಆರ್.ಪುರದಲ್ಲಾದರೆ ಶಿವಮೊಗ್ಗಕ್ಕೆ. ಕೊಪ್ಪದಲ್ಲಾದರೆ ಜೊತೆಗಿದ್ದವರು ಐದು ನಿಮಿಷ ಚರ್ಚೆ ಮಾಡಿ ಎರಡರಲ್ಲಿ ಒಂದಕ್ಕೆ. ಶೃಂಗೇರಿಯಿಂದ ಮಣಿಪಾಲಕ್ಕೆ 80 ಕಿ.ಮೀ. ಆಸುಪಾಸು, ನಡುವೆ 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿ. ಮಳೆಗಾಲದಲ್ಲಿ ಅದರ ಮೇಲೆ ಮಂಜು, ಅಡ್ಡ ಬಿದ್ದ ಮರ, ಕುಸಿದ ಧರೆ. ಆಂಬುಲೆನ್ಸ್ ಚಾಲಕ ಎಷ್ಟೇ ನುರಿತವನಾದರೂ ಎರಡು ಗಂಟೆಯ ದಾರಿ ಅದು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 'ಗೋಲ್ಡನ್ ಅವರ್' ಎಂದರೇನು ಎಂದು ಬರೆದಿದೆ. ಗಂಭೀರ ಗಾಯವಾದ ಮೇಲಿನ ಮೊದಲ ಒಂದು ಗಂಟೆ. ಅಷ್ಟರಲ್ಲಿ ಚಿಕಿತ್ಸೆ ಸಿಕ್ಕರೆ ಸಾವನ್ನು ತಪ್ಪಿಸುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಆ ಗಂಟೆ ಟ್ರಾಫಿಕ್ಕಿನಲ್ಲಿ ಕರಗೀತು. ನಿಮ್ಮೂರಿನಲ್ಲಿ ಘಾಟಿ ಇಳಿಯುವಷ್ಟರಲ್ಲೇ ಅದು ಮುಗಿದಿರುತ್ತದೆ.

ಶೃಂಗೇರಿಗೆ 100 ಹಾಸಿಗೆಯ ಆಸ್ಪತ್ರೆ ಬೇಕೆಂದು ಮೊಬೈಲಿನಲ್ಲೂ ಬೀದಿಯಲ್ಲೂ ಕೂಗು ಎಬ್ಬಿಸಿದವರು ನೀವೇ. ಆ ಬೇಡಿಕೆ ನ್ಯಾಯವಾದದ್ದು, ಅದನ್ನು ಕೈಬಿಡಬೇಡಿ. ಆದರೆ ಈ ಪತ್ರ ಸರ್ಕಾರಕ್ಕೆ ಬರೆದದ್ದಲ್ಲ, ನಿಮಗೆ ಬರೆದದ್ದು. ಒಂದೇ ಪೆಟ್ಟು ಪೇಟೆಯಲ್ಲಿ ಆದರೆ ಒಂದು ಬೆಲೆ, ಇಲ್ಲಿ ಆದರೆ ಇನ್ನೊಂದು ಬೆಲೆ. ಆಟ, ಮೋಜು, ತಿರುಗಾಟಗಳನ್ನು ಆ ದೂರದ ಲೆಕ್ಕ ಇಟ್ಟುಕೊಂಡು ಮಾಡಿ ಎಂಬುದಷ್ಟೇ ಇದರ ಅಹವಾಲು. ಆಡಬೇಡಿ, ಸುತ್ತಬೇಡಿ, ಮನೆಯಲ್ಲಿ ಕೂತಿರಿ ಎನ್ನಲು ಊರಿನಲ್ಲಿ ಹಿರಿಯರಿಗೇನೂ ಬರವಿಲ್ಲ. ಆ ಸಾಲಿಗೆ ಇನ್ನೊಂದು ದನಿ ಸೇರಿಸುವ ಉದ್ದೇಶ ಇಲ್ಲಿಲ್ಲ.

ಬೈಕಿನಿಂದಲೇ ಶುರು ಮಾಡಬಹುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಮೂವರಲ್ಲಿ ಇಬ್ಬರು 18ರಿಂದ 45 ವರ್ಷದೊಳಗಿನವರು. ಹೆಲ್ಮೆಟ್ ಹಾಕದೆ ಸತ್ತ ಸವಾರರು ಮತ್ತು ಹಿಂಬದಿಯವರು ಸೇರಿ 50,029. ಇದು ಶೃಂಗೇರಿ ತಾಲ್ಲೂಕಿನ ಒಟ್ಟು ಜನಸಂಖ್ಯೆಗಿಂತ ಹೆಚ್ಚು. ಒಂದು ತಾಲ್ಲೂಕಿಗೆ ತಾಲ್ಲೂಕೇ, ಒಂದೇ ವರ್ಷದಲ್ಲಿ.

ಹಾಗಂತ ಇಲ್ಲಿ ಹೆಲ್ಮೆಟ್ ಇಲ್ಲದ ಮನೆ ಇಲ್ಲ. ಅದು ಇರುವ ಜಾಗ ಮಾತ್ರ ಬೇರೆ: ಮೊಣಕೈ, ಪೆಟ್ರೋಲ್ ಟ್ಯಾಂಕಿನ ಮೇಲೆ, ಕನ್ನಡಿಯ ಕೊಂಬು. ಪೇಟೆ ಹತ್ತಿರ ಬಂದಾಗ, ಪೊಲೀಸರ ಜೀಪು ಕಂಡಾಗ ಅದು ತಲೆಗೆ ಏರುತ್ತದೆ, ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತದೆ. ತೋಟದಿಂದ ಅಂಗಡಿಗೆ ಎರಡು ಕಿಲೋಮೀಟರು, ಅದಕ್ಕೆಲ್ಲ ಯಾಕೆ ಎಂಬುದು ಎಲ್ಲರ ಉತ್ತರ. ಆದರೆ ತಿರುವಿನಲ್ಲಿ ಪಾಚಿ ಕಟ್ಟಿರುವುದು, ಎದುರಿಗೆ ದನ ಮಲಗಿರುವುದು, ಕಾಟಿಯೊಂದು ರಸ್ತೆ ದಾಟುವುದು, ಕಾಫಿ ಹಣ್ಣು ತುಂಬಿದ ಪಿಕಪ್ ಒಂದೇ ಹೆಡ್‌ಲೈಟಿನಲ್ಲಿ ಬರುವುದು, ಎಲ್ಲವೂ ಆ ಎರಡು ಕಿಲೋಮೀಟರಿನ ಒಳಗೇ. ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ಸಮೀಕ್ಷೆ, ಹೆಲ್ಮೆಟ್ ತಲೆಯ ಗಾಯದ ಅಪಾಯವನ್ನು ಶೇ 69ರಷ್ಟು, ಸಾವಿನ ಅಪಾಯವನ್ನು ಶೇ 42ರಷ್ಟು ತಗ್ಗಿಸುತ್ತದೆ ಎಂದಿದೆ. ಅದೂ ಪಟ್ಟಿ ಬಿಗಿದಿದ್ದರೆ. ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಎರಡು ಗಂಟೆ ದೂರದಲ್ಲಿರುವ ಊರಿನಲ್ಲಿ ಇದಕ್ಕಿಂತ ಅಗ್ಗದ ವೈದ್ಯ ಬೇರೆ ಸಿಗುವುದಿಲ್ಲ.

ವ್ಹೀಲಿ ಮಾಡುವವರ ವಿಷಯ ಬೇರೆಯೇ. ಅವರಿಗೆ ಅಪಾಯ ಗೊತ್ತಿಲ್ಲ ಎಂದಲ್ಲ, ಅಪಾಯವೇ ಅವರ ಬಂಡವಾಳ. ವಿಡಿಯೊ ಮಾಡುವ ಗೆಳೆಯ ಇಲ್ಲದಿದ್ದರೆ ಮುಂದಿನ ಚಕ್ರ ಏಳುವುದೇ ಕಡಿಮೆ. ಇಂಥ ಹುಚ್ಚಾಟಕ್ಕೆ ಈಗಿರುವ ಕಾನೂನು ಸಾಲದು, ಬಿಗಿ ಕಾನೂನು ತನ್ನಿ ಎಂದು 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಸರ್ಕಾರಕ್ಕೆ ಹೇಳಿತು. ಕಾನೂನು ಬರುವ ಮೊದಲು ಆ ಮೊಬೈಲ್ ಹಿಡಿದ ಗೆಳೆಯ ಕೈ ಇಳಿಸಿದರೂ ಅರ್ಧ ಕೆಲಸ ಆದಂತೆ.

ಶುಕ್ರವಾರ ರಾತ್ರಿಯ ಬೈಕು, ಕಾರುಗಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನಿಮ್ಮಲ್ಲಿ ಅರ್ಧದಷ್ಟು ಜನ ಈಗ ಬೆಂಗಳೂರು, ಮಂಗಳೂರುಗಳಲ್ಲಿ ದುಡಿಯುವವರು. ಸಾಲು ರಜೆ ಬಂತೆಂದರೆ ಊರಿನ ದಾರಿ. ಬೆಳಿಗ್ಗೆ ಏಳಕ್ಕೆ ಎದ್ದು, ಆಫೀಸು ಮುಗಿಸಿ, ಊಟ ಮಾಡಿ, ಹನ್ನೊಂದಕ್ಕೆ ಹೊರಟರೆ ಕಡೂರು ದಾಟುವಾಗ ನಡುರಾತ್ರಿ ಮೀರಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಮೆದುಳು ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮೆದುಳಿನಷ್ಟೇ ನಿಧಾನವಾಗುತ್ತದೆ ಎಂದು ನಿದ್ದೆಗೇಡಿನ ಮೇಲಿನ ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗಿರುವ ಮಿತಿ ಶೇ 0.03. ಅಂದರೆ ಒಂದು ಹನಿ ಕುಡಿಯದೆಯೂ ಕುಡಿದವರಂತೆ ಓಡಿಸುತ್ತಿರುತ್ತೀರಿ, ಊದಿಸಿ ನೋಡುವ ಯಂತ್ರಕ್ಕೆ ಮಾತ್ರ ಅದು ಗೊತ್ತಾಗುವುದಿಲ್ಲ. ರಾತ್ರಿ ಬಸ್ಸಿಗೆ ಟಿಕೆಟ್ ಸಿಗದಿದ್ದರೆ ಬೆಳಗಿನ ಬಸ್ಸಿಗೆ ಬನ್ನಿ. ಅಮ್ಮನ ಕಡುಬು ಮಧ್ಯಾಹ್ನದವರೆಗೆ ಕಾಯುತ್ತದೆ.

ಇನ್ನು ಆಟ. ಆಷಾಢ, ಶ್ರಾವಣದ ಮಳೆಯಲ್ಲಿ ಮಲೆನಾಡಿನ ಗದ್ದೆಗಳಲ್ಲಿ ನಡೆಯುವ ಕೆಸರುಗದ್ದೆ ಕ್ರೀಡಾಕೂಟಗಳಷ್ಟು ಸೊಗಸಾದ ಮೋಜು ಇನ್ನೊಂದು ಊರಿನಲ್ಲಿ ಹುಡುಕಿದರೂ ಸಿಕ್ಕೀತೇ! ಓಟ, ಹಗ್ಗಜಗ್ಗಾಟ, ವಾಲಿಬಾಲ್, ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಸ್ಪರ್ಧೆ. ಬದುವಿನ ಮೇಲೆ ಕೊಡೆ ಹಿಡಿದು ನಿಂತ ಅಜ್ಜಿಯರು, ಮೈಕಿನಲ್ಲಿ ವೀಕ್ಷಕ ವಿವರಣೆ, ಒಲೆಯ ಮೇಲೆ ಬಿಸಿ ಕಾಫಿ. ವರ್ಷಪೂರ್ತಿ ಪೇಟೆಯ ಕುರ್ಚಿಯಲ್ಲಿ ಕೂತವರೂ ಅಂದು ಗದ್ದೆಗೆ ಇಳಿಯುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಕೆಸರಿನಲ್ಲಿ ಓಡುವಾಗ ಕಾಲು ಮೊಣಕಾಲಿನ ಹತ್ತಿರದವರೆಗೂ ಹೂತಿರುತ್ತದೆ, ಮೇಲಿನ ದೇಹ ಮಾತ್ರ ತಿರುಗುತ್ತದೆ. ಪಾದ ಬಿಡದು, ತೊಡೆ ನಿಲ್ಲದು. ತಿರುಚು ಪೂರ್ತಿ ಮಂಡಿಯ ಮೇಲೆ. 'ಟಪ್' ಎಂಬ ಸದ್ದು ಬಂದದ್ದು ತನಗೇ ಕೇಳಿಸಿತು ಎಂದು ಬಿದ್ದವರು ಹೇಳುವುದುಂಟು. ಮಂಡಿಯೊಳಗಿನ ಎಸಿಎಲ್ ಎಂಬ ಪಟ್ಟಿ ಹರಿದಾಗ ಬರುವ ಸದ್ದು ಅದು. ಒಂದೆರಡು ಗಂಟೆಯಲ್ಲಿ ಮಂಡಿ ಊದಿಕೊಳ್ಳುತ್ತದೆ. ಆಮೇಲೆ ನಡೆಯುವುದು ನಮ್ಮೂರುಗಳ ಹಳೇ ಕ್ರಮ: ಬಿಸಿ ಎಣ್ಣೆ ಹಾಕಿ ನೀವಿಸುವುದು, ಎಳೆದು 'ಕೂರಿಸುವುದು'. ಮೊದಲ ಎರಡು ದಿನ ಬೇಕಾದದ್ದು ಅದಕ್ಕೆ ತದ್ವಿರುದ್ಧ. ವಿಶ್ರಾಂತಿ, ತಣ್ಣನೆಯ ಪಟ್ಟಿ, ಹಗುರವಾಗಿ ಸುತ್ತಿದ ಬ್ಯಾಂಡೇಜು, ಕಾಲನ್ನು ದಿಂಬಿನ ಮೇಲೆ ಎತ್ತಿ ಇಡುವುದು. ತಿಂಗಳಾದರೂ ಮಂಡಿ ಜಾರಿದಂತೆ ಅನಿಸಿದರೆ ಎಂಆರ್‌ಐ ಮಾಡಿಸಲೇಬೇಕು, ಅದಕ್ಕೆ ಮತ್ತೆ ಶಿವಮೊಗ್ಗವೋ ಮಣಿಪಾಲವೋ. ಪೂರ್ತಿ ಹರಿದ ಎಸಿಎಲ್ ಎಣ್ಣೆಗೆ ಕೂಡಿಕೊಳ್ಳುವುದಿಲ್ಲ. ಅಂಥ ಮಂಡಿಯಲ್ಲೇ ಮುಂದಿನ ವರ್ಷವೂ ಓಡಿದರೆ ಒಳಗಿನ ಮೃದ್ವಸ್ಥಿ ಸವೆದು, ನಲವತ್ತಕ್ಕೇ ಅಜ್ಜನ ಮಂಡಿ.

ಹಗ್ಗಜಗ್ಗಾಟದಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಕೆಸರಿನ ಕೈಯಿಂದ ಹಗ್ಗ ಜಾರುತ್ತದೆಂದು ಅದನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಳ್ಳುವುದು. ಕೊನೆಯವನು ಸೊಂಟಕ್ಕೆ ಬಿಗಿದು ಗಂಟು ಹಾಕಿಕೊಳ್ಳುವುದು. 1997ರ ಅಕ್ಟೋಬರ್‌ನಲ್ಲಿ ತೈವಾನಿನ ತೈಪೆ ನಗರದಲ್ಲಿ ಸುಮಾರು 1,600 ಜನ ಕೂಡಿ ಹಗ್ಗ ಎಳೆದರು. ಹಗ್ಗ ತುಂಡಾದ ರಭಸಕ್ಕೆ ಇಬ್ಬರ ಎಡಗೈ ತೋಳಿನ ಹತ್ತಿರ ಕಿತ್ತು ಬಂತು. ವೈದ್ಯರು ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿ ಮತ್ತೆ ಜೋಡಿಸಿದರು. ಅದು ರಾಜಧಾನಿ, ಆಸ್ಪತ್ರೆ ಪಕ್ಕದಲ್ಲೇ ಇತ್ತು. ನಿಮ್ಮ ಗದ್ದೆಯಲ್ಲಿ ಎಳೆಯುವವರು ಹದಿನಾರೇ ಜನ ಇರಬಹುದು, ಆದರೆ ಹಗ್ಗ ಯಾವುದು? ಜೀಪಿಗೆ ಕಟ್ಟಿ ನಾಟಾ ಎಳೆದ ಹಳೇ ನೈಲಾನ್ ಹಗ್ಗವಾದರೆ ಬೆರಳು ಹೋಗಲು ಅಷ್ಟು ಜನ ಬೇಕಾಗಿಯೇ ಇಲ್ಲ. ಕೈಗೆ ಸುತ್ತಿಕೊಂಡ ತಂಡವನ್ನು ಹೊರಗೆ ಹಾಕುವ ನಿಯಮ ಇರಲಿ.

ಕೆಸರು ಅಂದ ಮೇಲೆ ಇಲಿ ಜ್ವರದ ಮಾತು ಬಿಡುವ ಹಾಗಿಲ್ಲ. ಇಲಿ, ದನ, ನಾಯಿಗಳ ಮೂತ್ರದಿಂದ ನಿಂತ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಏಡಿ ಬಿಲದ ಅಂಚು, ಶಂಖದ ಚೂರು, ಯಾರೋ ಎಸೆದ ಬಾಟಲಿಯ ಗಾಜು, ಇಷ್ಟು ಸಾಕು ಗಾಯಕ್ಕೆ. ಲಕ್ಷಣ ಕಾಣುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ. ಅಷ್ಟು ಹೊತ್ತಿಗೆ ಆಟಗಾರ ಬೆಂಗಳೂರಿನ ಪಿಜಿಯಲ್ಲಿ ಮಲಗಿರುತ್ತಾನೆ. ಜ್ವರ, ಮೀನಖಂಡದ ನೋವು, ಕೆಂಪಾದ ಕಣ್ಣು ನೋಡಿದ ಪೇಟೆಯ ಡಾಕ್ಟರಿಗೆ ಈತ ಗದ್ದೆಯಲ್ಲಿ ಹೊರಳಾಡಿ ಬಂದವನೆಂದು ಹೇಗೆ ಹೊಳೆಯಬೇಕು? ಹೇಳಿದರೆ ಕೆಲವು ರೂಪಾಯಿಯ ಮಾತ್ರೆಯಲ್ಲಿ ವಾಸಿ. ಹೇಳದೆ ದಿನ ತಳ್ಳಿದರೆ ಕಾಮಾಲೆ, ಕಿಡ್ನಿ ವೈಫಲ್ಯದವರೆಗೂ ಹೋದೀತು. ಆಟ ಮುಗಿದ ಮೇಲೆ ಸೋಪು ಹಾಕಿ ಕಾಲು ತೊಳೆಯಲು ಗದ್ದೆಯ ಪಕ್ಕ ಒಂದು ಡ್ರಮ್ ಒಳ್ಳೆಯ ನೀರು ಇಡಿ. ಗಾಯ ಇದ್ದವರನ್ನು ಇಳಿಸಬೇಡಿ.

ಇನ್ನು ಹೊಳೆ. ತುಂಗೆ, ಭದ್ರೆಯರ ಮಡಿಲಲ್ಲೇ ಬೆಳೆದವರಿಗೆ ಈಜು ಹೇಳಿಕೊಡುವುದು ಅಧಿಕಪ್ರಸಂಗ. ಆದರೆ ಮುಳುಗುವವರು ಈಜು ಬಾರದವರು ಮಾತ್ರವಲ್ಲ, ಅಲ್ಪಸ್ವಲ್ಪ ಬರುವವರೂ ಹೌದು. ಊರಿನ ಮಡು ಗೊತ್ತಿದ್ದು ಬೇರೆ ಮಡುವಿಗೆ ಇಳಿದವರೂ ಹೌದು. ದೇಶದಲ್ಲಿ 2022ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಎನ್.ಆರ್.ಪುರದ ಭದ್ರಾ ಹಿನ್ನೀರಿನದಂತೂ ತನ್ನದೇ ಮೋಸ. ಎಡೇಹಳ್ಳಿ ಎಂದು ಕರೆಸಿಕೊಳ್ಳುತ್ತಿದ್ದ ಆ ಊರಿಗೆ ಒಂದು ಕಾಲದಲ್ಲಿ ತರೀಕೆರೆಯಿಂದ ಪುಟ್ಟ ರೈಲು ಬರುತ್ತಿತ್ತು. ಲಕ್ಕವಳ್ಳಿಯಲ್ಲಿ ಅಣೆಕಟ್ಟೆ ಎದ್ದ ಮೇಲೆ ಕಾಡು, ಗದ್ದೆ, ದಾರಿಗಳೆಲ್ಲ ನೀರಿನ ಅಡಿಗೆ ಹೋದವು. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಬೇಸಿಗೆಯಲ್ಲಿ ಕ್ರಿಕೆಟ್ ಆಡಿದ ಬಯಲಿನ ಮೇಲೆ ಆಗಸ್ಟಿನಲ್ಲಿ ಆಳೆತ್ತರದ ನೀರು. ಅಡಿಯಲ್ಲಿ ಮರದ ಬುಡಗಳಿವೆ, ಹೂಳಿದೆ. ತಲೆ ಕೆಳಗಾಗಿ ಹಾರಿದವರ ಕುತ್ತಿಗೆ ಬುಡಕ್ಕೆ ಬಡಿದರೆ ಬೆನ್ನುಹುರಿಯೇ ತುಂಡು. ನೀರು ಶಾಂತವಾಗಿ ಕಾಣುವುದರಿಂದಲೇ ಅದನ್ನು ನಂಬಬಾರದು.

ಜಲಪಾತಗಳದ್ದು ಇನ್ನೊಂದು ಬಗೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದ ದೃಶ್ಯವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ರೀಲ್ಸಿಗೆಂದು ಗೆಳೆಯ ಹಿಡಿದ ಕ್ಯಾಮೆರಾದಲ್ಲೇ ಅದು ದಾಖಲಾಯಿತು. ದೇಹ ಸಿಕ್ಕಿದ್ದು ಸುಮಾರು ವಾರದ ಮೇಲೆ. ಕಿಗ್ಗಾದ ಸಿರಿಮನೆ ಜಲಪಾತಕ್ಕೆ ಬರುವ ಹೊರಗಿನವರಿಗೆ ಪಾಚಿ ಎಂದರೆ ಹಸಿರು ಬಣ್ಣ ಅಷ್ಟೇ. ನಿಮಗೆ ಗೊತ್ತು. ಎಚ್ಚರಿಸಿದರೆ 'ಲೋಕಲ್ ದಬ್ಬಾಳಿಕೆ' ಎಂದು ಬೈಸಿಕೊಳ್ಳಬೇಕಾಗಬಹುದು, ಬೈಸಿಕೊಳ್ಳಿ.

ಯಾರಾದರೂ ಮುಳುಗುತ್ತಿದ್ದರೆ ಮೊದಲು ಹಾರಬೇಡಿ. ಗಳ, ಪಂಚೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೂ ಎಸೆಯಿರಿ. ಮುಳುಗುವವರು ಸಿನಿಮಾದಂತೆ ಕಿರುಚುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಿರುತ್ತದೆ, ಸದ್ದೇ ಇರುವುದಿಲ್ಲ. ಉಸಿರು ನಿಂತ ಮೇಲೆ ಮೆದುಳಿಗೆ ಉಳಿದಿರುವುದು ನಾಲ್ಕರಿಂದ ಆರು ನಿಮಿಷ. ಅಷ್ಟರಲ್ಲಿ ಯಾವ 108 ಗಾಡಿಯೂ ಹೊಳೆ ದಂಡೆಗೆ ಬರಲಾರದು. ಆದ್ದರಿಂದ ಮೇಲೆ ಎತ್ತಿದವರೇ ವೈದ್ಯರಾಗಬೇಕು: ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದೇ ಸಿಪಿಆರ್. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ತಿರುಗಿಸುವುದು, ಇವೆಲ್ಲ ಆ ನಾಲ್ಕು ನಿಮಿಷವನ್ನು ಕದಿಯುವ ಕೆಲಸಗಳು. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ನೀರಿಗೆ ಬಿದ್ದು ಸತ್ತ ಇಬ್ಬರು ಬಾಲಕರ ದೇಹಗಳನ್ನು, ಮೊಬೈಲಿನಲ್ಲಿ ಬಂದ ಸಂದೇಶ ನಂಬಿ, ಜೀವ ಬರುತ್ತದೆಂದು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟಿದ್ದರು. ಹೆತ್ತವರನ್ನು ದೂರುವುದು ಬೇಡ. ಸರಿಯಾದದ್ದನ್ನು ಕಲಿಸುವವರು ಹತ್ತಿರ ಇಲ್ಲದಾಗ ಸುಳ್ಳೇ ಮೊದಲು ತಲುಪುತ್ತದೆ.

ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನು ಅಜ್ಜಂದಿರ ಕಥೆ ಎಂದು ಬಗೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗ ಈಗಲೂ ನಿಮ್ಮ ಮೂರೂ ತಾಲ್ಲೂಕುಗಳ ಬಾಗಿಲಲ್ಲಿದೆ. 2024ರಲ್ಲಿ ಹೊಸನಗರ ತಾಲ್ಲೂಕಿನ 18 ವರ್ಷದ ಯುವತಿ ಇದಕ್ಕೆ ಬಲಿಯಾದಳು. ಅದೇ ವರ್ಷ ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ಮಣಿಪಾಲದಲ್ಲಿ ಚಿಕಿತ್ಸೆ ಫಲಿಸದೆ ತೀರಿಕೊಂಡರು. ಹಳೆಯ ಲಸಿಕೆ ಫಲಕಾರಿಯಲ್ಲವೆಂದು ನಿಲ್ಲಿಸಲಾಗಿದೆ. ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ. ಹರಡುವುದು ಉಣುಗಿನ ಮರಿಗಳಿಂದ. ಅವು ಸಾಸಿವೆ ಗಾತ್ರದವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಉಂಬಳವಾದರೂ ರಕ್ತ ಕುಡಿದು ಉಬ್ಬಿ ತನ್ನ ಇರವನ್ನು ಸಾರುತ್ತದೆ, ಈ ಸಣ್ಣದಕ್ಕೆ ಆ ಸೌಜನ್ಯವಿಲ್ಲ. ನರಸಿಂಹ ಪರ್ವತ ಹತ್ತಿ ತರಗೆಲೆಯ ಮೇಲೆ ಚಾಪೆಯಿಲ್ಲದೆ ಮಲಗುವ ಮೊದಲು ಆಶಾ ಕಾರ್ಯಕರ್ತೆಯರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದು ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತಿರುವ ಜಾಗಕ್ಕೆ ಫೋಟೊ ತೆಗೆಯಲು ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಕೋವಿ ಹಿಡಿದು ರಾತ್ರಿ ಶಿಕಾರಿಗೆ ಹೋಗುವವರ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅದು ಅಪರಾಧ, ಜೈಲಿಗೆ ಹೋಗುವ ಅಪರಾಧ. ಹಂದಿ ಎಂದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ.

ಅಡಿಕೆಯ ಮಾತು ಎತ್ತಿದರೆ ಮನೆಯಲ್ಲೇ ಜಗಳ. ಈ ಮೂರೂ ತಾಲ್ಲೂಕುಗಳ ಶಾಲೆ ಫೀಸು, ಮದುವೆ, ಬೈಕಿನ ಕಂತು ಎಲ್ಲವೂ ಅಡಿಕೆಯಿಂದ ಬಂದದ್ದು. ಹಳದಿ ಎಲೆ ರೋಗ, ಎಲೆಚುಕ್ಕಿಯಿಂದ ಮೊದಲೇ ತೋಟ ಸೊರಗಿದೆ. ಹೀಗಿರುವಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದ್ದನ್ನು ಬೆಳೆಗಾರರು ಒಪ್ಪಿಲ್ಲ. ಆ ವಾದ ನಡೆಯುತ್ತಿರಲಿ. ಆದರೆ ನಿಮ್ಮ ಜೇಬಿನಲ್ಲಿರುವುದು ಅಜ್ಜನ ಎಲೆಅಡಿಕೆ ತಟ್ಟೆಯಲ್ಲ. ಕರ್ನಾಟಕ 2013ರ ಮೇ 31ರಂದು ಗುಟ್ಕಾ ನಿಷೇಧಿಸಿದ ಮೇಲೆ ಮಾರುವವರು ಜಾಣರಾದರು: ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಎರಡನ್ನೂ ಹರಿದು ಬೆರೆಸಿ ಅಂಗೈಯಿಂದ ಬಾಯಿಗೆ ಹಾಕುವುದನ್ನು ಯಾವುದೇ ಕ್ರಿಕೆಟ್ ಮೈದಾನದ ಬೌಂಡರಿ ಗೆರೆಯಲ್ಲಿ ನಿಂತು ನೋಡಬಹುದು. 2024ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂದ ಅಂದಾಜಿನಂತೆ 2022ರಲ್ಲಿ ಜಗತ್ತಿನ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಕಾರಣ ಹೊಗೆರಹಿತ ತಂಬಾಕು ಮತ್ತು ಅಡಿಕೆ. ಅದರಲ್ಲಿ ಭಾರತದ ಪಾಲು 83,400.

ಕ್ಯಾನ್ಸರ್‌ಗೆ ಮುಂಚೆಯೇ ಬರುವ ಇನ್ನೊಂದು ಕಾಯಿಲೆ ಇದೆ. ಕೆನ್ನೆಯ ಒಳಪದರ ಗಡುಸಾಗುತ್ತಾ ಬಾಯಿ ತೆರೆಯುವುದೇ ಕಡಿಮೆಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೊದಲು ಖಾರ ತಿಂದರೆ ಉರಿ, ಆಮೇಲೆ ಒಳಗೆಲ್ಲ ಬಿಳಿಚು, ಕೊನೆಗೆ ಹೋಳಿಗೆಯನ್ನೂ ಚೂರು ಮಾಡಿ ತಿನ್ನಬೇಕಾದ ಸ್ಥಿತಿ. ಇಪ್ಪತ್ತೈದರ ಹುಡುಗರಲ್ಲೂ ಕಾಣುತ್ತದೆ. ಈಗಲೇ ಪರೀಕ್ಷೆ ಮಾಡಿಕೊಳ್ಳಿ: ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೇರವಾಗಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹೋದರೆ ಸರಿ. ಎರಡೇ ಹೋದರೆ ಈ ವಾರವೇ ದಂತವೈದ್ಯರನ್ನು ನೋಡಿ, ಪ್ಯಾಕೆಟ್ ಅಲ್ಲಿಗೇ ನಿಲ್ಲಲಿ. ಒಮ್ಮೆ ಗಡುಸಾದ ಕೆನ್ನೆ ಮೊದಲಿನಂತೆ ಆಗುವುದಿಲ್ಲ. ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ನಿಮ್ಮ ಪಂದ್ಯಾವಳಿಯ ಪಕ್ಕದ ತಾತ್ಕಾಲಿಕ ಅಂಗಡಿಗೂ ಆ ಕಾನೂನು ಅನ್ವಯ.

ಹೃದಯಾಘಾತದ ಭಯವನ್ನು ಬೇರೆಯಾಗಿ ನೋಡಬೇಕು. 2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ಯುವಕರು ಸಾಲಾಗಿ ಸಾಯುತ್ತಿದ್ದಾರೆಂಬ ಸುದ್ದಿ ಹರಡಿ, ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಎಂದಿತು. ಸತ್ತವರಲ್ಲಿ ಧೂಮಪಾನ, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಹಿನ್ನೆಲೆ ಇದ್ದುದನ್ನೂ, ವಾಹನ ಚಾಲಕರ ಪಾಲು ದೊಡ್ಡದಿದ್ದುದನ್ನೂ ಗುರುತಿಸಿತು. ಹಾಗಾಗಿ ಗಾಬರಿ ಬೇಡ, ಬಿಪಿ ನೋಡಿಸಿಕೊಳ್ಳುವುದು ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದ ತಜ್ಞರಿಂದ ಓದಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ರಾಜ್ಯದಲ್ಲಿದೆ. ಎದೆನೋವು ಬಂದಾಗ ಗ್ಯಾಸ್ ಎಂದು ಸೋಡಾ ಕುಡಿದು ಕೂತರೆ ಆ ಚುಚ್ಚುಮದ್ದಿನ ಹೊತ್ತು ಮೀರುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಯಾವ ಹೊತ್ತಿಗೂ ಸಿಗುತ್ತದೆಯೇ ಎಂದು ಇಂದೇ ಹೋಗಿ ಕೇಳಿ, ಬೇಕಾದಾಗ ಅಲ್ಲ.

ಇನ್ನೂ ಕೆಲವು ಚುಟುಕು ಮಾತುಗಳಿವೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಲೇಬಲ್ ಇಲ್ಲದ ಪುಡಿ ತಿನ್ನಬೇಡಿ. ಗಣಪತಿ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಡಿ. 100 ಡೆಸಿಬಲ್ ಸದ್ದಿನಲ್ಲಿ ಕಿವಿಗೆ ಸುರಕ್ಷಿತ ಅವಧಿ ಕಾಲು ಗಂಟೆ ಮಾತ್ರ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೂ ಐಪಿಎಲ್ ಬೆಟ್ಟಿಂಗ್ ಸಾಲದಲ್ಲಿ ಮುಳುಗಿ, ಮನೆಯವರಿಗೆ ಹೇಳಲಾಗದೆ ನಿದ್ದೆಗೆಟ್ಟವರು ನಿಮ್ಮ ತಂಡದಲ್ಲೇ ಇರಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಸಂಖ್ಯೆಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದಕ್ಕಿಂತ ಆ ಗೆಳೆಯನ ಪಕ್ಕ ಕೂತು ಡಯಲ್ ಮಾಡಿಕೊಡಿ.

ಇಷ್ಟೆಲ್ಲ ಹೇಳಿದ್ದು ಸಂಘಗಳಿಗೆ ಏಕೆಂದರೆ ಮಲೆನಾಡಿನಲ್ಲಿ ಆಪತ್ತಿಗೆ ಮೊದಲು ಓಡಿಬರುವವರು ನೀವೇ. 2019ರ ಆಗಸ್ಟಿನ ನೆರೆಯಲ್ಲಿ ಜನರನ್ನು ದಾಟಿಸಿದ್ದು, ಧರೆ ಕುಸಿದಾಗ ಮಣ್ಣು ತೆಗೆಯುವುದು, ಕತ್ತಲಲ್ಲಿ ಗಾಯಾಳುವನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತರುವುದು ಸಂಘದ ಹುಡುಗರೇ. ಸಹಾಯ ಮಾಡಿದವರನ್ನು ಪೊಲೀಸರು ಪೀಡಿಸುತ್ತಾರೆಂಬ ಹಳೇ ಅಂಜಿಕೆ ಇನ್ನು ಬೇಡ. ಜೀವರಕ್ಷಕರಿಗೆ ರಕ್ಷಣೆ ಕೊಡುವ ಕಾನೂನು ಕರ್ನಾಟಕದಲ್ಲೂ ಇದೆ, ಮೋಟಾರು ವಾಹನ ಕಾಯ್ದೆಯಲ್ಲೂ ಇದೆ. ನಿಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯೂ ಇದೆ. ದುಡ್ಡು ಕೂಡಿಸುವವರೆಗೆ ಆಂಬುಲೆನ್ಸ್ ನಿಲ್ಲಿಸಿಕೊಳ್ಳಬೇಡಿ.

ನಿಮ್ಮ ಪಂದ್ಯಾವಳಿಗಳ ಫ್ಲೆಕ್ಸಿನಲ್ಲಿ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಪ್ರವೇಶ ಶುಲ್ಕ, 'ನಿರ್ಣಾಯಕರ ತೀರ್ಮಾನವೇ ಅಂತಿಮ' ಎಲ್ಲ ಇರುತ್ತದೆ. ಅದೇ ಫ್ಲೆಕ್ಸಿನ ಕೆಳಗೆ 108 ಮತ್ತು ಆ ದಿನ ಗದ್ದೆಯ ಪಕ್ಕ ಕೀಲಿ ಸಮೇತ ನಿಂತಿರುವ ಜೀಪಿನ ಚಾಲಕನ ಫೋನ್ ಸಂಖ್ಯೆ ಸೇರಿಸಿ. ಚಾಲಕ ಅಂದು ಕುಡಿಯದವನಾಗಿರಲಿ. ಪ್ರವೇಶ ಶುಲ್ಕದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್ ಡಬ್ಬ, ಒಂದು ಸ್ಟ್ರೆಚರ್ ಕೊಳ್ಳಿ. ಎರಡು ಮೂರು ಸಂಘ ಸೇರಿ ಕೊಂಡರೂ ಆದೀತು. ಟ್ರೋಫಿ ಒಂದು ಅಡಿ ಗಿಡ್ಡವಾದರೆ ಯಾರೂ ಬೇಸರಿಸುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಭೆಯಲ್ಲೇ ನಿಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ: ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ನಮ್ಮ ಸಂಘದವರಿಗೆ ಸಿಪಿಆರ್ ಮತ್ತು ಪ್ರಥಮ ಚಿಕಿತ್ಸೆ ಕಲಿಸಿಕೊಡಿ, ಜಾಗ, ಊಟ, ಮೈಕು ನಮ್ಮದು ಎಂದು. ಪ್ರತಿ ಸಂಘದಿಂದ ಕನಿಷ್ಠ ಹತ್ತು ಜನ ಕಲಿಯಲಿ, ಅದರಲ್ಲಿ ಅರ್ಧ ಜನ ಊರಿನಲ್ಲೇ ಇರುವವರಾಗಿರಲಿ. ಅರ್ಜಿಗೆ ಉತ್ತರ ಬಾರದಿದ್ದರೆ ಎರಡನೆಯದನ್ನು ನೀವೇ ಕೈಯಲ್ಲಿ ಹಿಡಿದು ಹೋಗಿ ಕೊಟ್ಟು, ಸ್ವೀಕೃತಿ ಪಡೆದು ಬನ್ನಿ.

ಇಂತಿ,
ನಿಮ್ಮ ಹಿತೈಷಿ